ಯಾವ ಊರು, ಯಾರ ಪೈಕಿ?

ನಮ್ಮ ಕಡೆ ಮನೆಗೆ ಹೊಸಬರು ಬಂದರೆ ಮೊದಲು ಒಂದು ಚೊಂಬು ನೀರು ಕೊಡುತ್ತಾರೆ. ಆಮೇಲೆ ಕೇಳುತ್ತಾರೆ: "ಯಾವೂರಾಯ್ತು? ಯಾರ ಪೈಕಿ?" ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕುಗಳಲ್ಲಿ ಎಲ್ಲಿಗೆ ಹೋದರೂ ಈ ಎರಡು ಪ್ರಶ್ನೆ ತಪ್ಪಿದ್ದಲ್ಲ. ಉತ್ತರ ಹೇಳಲು ಕಾಗದಪತ್ರ ಬೇಕಿಲ್ಲ. ಅಜ್ಜನ ಹೆಸರನ್ನೋ ಸೋದರಮಾವನ ಹೆಸರನ್ನೋ ಹೇಳಿದರೆ ಸಾಕು, "ಓಹೋ, ಅವರ ಮನೆಯವರಾ" ಎಂದು ಊರೇ ಗುರುತು ಹಿಡಿಯುತ್ತದೆ. ಇದೇ ಪ್ರಶ್ನೆಯನ್ನು ಸರ್ಕಾರ ಕೇಳಿದಾಗ ಏನಾಗುತ್ತದೆ? ಉತ್ತರ ಹೇಳಲು ತಿಳಿಯದೆ ನಿಂತವನಿಗೆ ಒಬ್ಬ ವಕೀಲರನ್ನು ಒದಗಿಸುವುದು ನಮ್ಮೆಲ್ಲರ ಹೊಣೆಯೆ? ಕೆಲವು ಕಾಲದಿಂದ ನನ್ನನ್ನು ಕಾಡುತ್ತಿರುವ ವಿಚಾರ ಇದು.

ಗಡಿ ಎಂಬುದು ನಮಗೆ ಹೊಸದಲ್ಲ. ಪಾವಗಡದ ಸುತ್ತ ಬಹುಪಾಲು ಆಂಧ್ರವೇ ಇದೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ. ಮಡಕಶಿರಾ, ಹಿಂದೂಪುರದ ಕಡೆಯಿಂದ ಹೆಣ್ಣು ತರುತ್ತೇವೆ, ಆ ಕಡೆಗೆ ಹೆಣ್ಣು ಕೊಡುತ್ತೇವೆ. ಗಡಿ ದಾಟುವಾಗ ಯಾರೂ ಯಾರನ್ನೂ ಏನೂ ಕೇಳುವುದಿಲ್ಲ. ನಮ್ಮ ಸಂವಿಧಾನದಲ್ಲಿ ರಾಜ್ಯಕ್ಕೊಂದು ಪೌರತ್ವವಿಲ್ಲ; ದೇಶಕ್ಕೆಲ್ಲ ಒಂದೇ. ಇನ್ನು ಶಿರಾ ೧೬೮೭ರ ನಂತರ ಮೊಗಲರ ಸುಬಾದ ರಾಜಧಾನಿಯಾಗಿದ್ದ ಊರು. ಅಲ್ಲಿ ಹೊರಗಿನವರು ಯಾರು, ಒಳಗಿನವರು ಯಾರು ಎಂದು ಲೆಕ್ಕ ಹಾಕಲು ಕೂತರೆ ಹೊತ್ತು ಮುಳುಗೀತು. ಹೀಗಾಗಿ ಪೌರತ್ವದ ಗೊಡವೆ ನಮಗೆ ಸಂಬಂಧಿಸಿದ್ದಲ್ಲ, ಅದೇನಿದ್ದರೂ ಅಸ್ಸಾಮಿನವರ ತಲೆನೋವು ಎಂದುಕೊಂಡು ಬದುಕಿದವರು ನಾವು.

ಆದರೆ ಮಳೆ ಕೈಕೊಟ್ಟ ವರ್ಷ ನಮ್ಮ ಜನ ಕೂಲಿಗೆ ಹೋಗುವುದು ಬೆಂಗಳೂರಿಗೆ. ಆ ದಾರಿಯಲ್ಲೇ ನೆಲಮಂಗಲ ಸಿಗುತ್ತದೆ. ಆ ತಾಲ್ಲೂಕಿನ ಸೊಂಡೆಕೊಪ್ಪದಲ್ಲಿ ಹಿಂದೆ ವಿದ್ಯಾರ್ಥಿನಿಲಯವಾಗಿದ್ದ ಕಟ್ಟಡವನ್ನು ೨೦೧೯ರ ಕೊನೆಯ ಹೊತ್ತಿಗೆ ವಿದೇಶಿಯರನ್ನು ಇರಿಸುವ ಕೇಂದ್ರವಾಗಿ ಸಜ್ಜುಗೊಳಿಸಲಾಯಿತು. ಬಡಮಕ್ಕಳು ಓದಲೆಂದು ಕಟ್ಟಿದ ಮನೆಗೆ ಬೇಲಿ ಬಂತು.

ಇದನ್ನು ಮಾತಿನ ನಡುವೆ ಗೆಳೆಯರೊಬ್ಬರಿಗೆ ಹೇಳಿದಾಗ ಅವರು ಕೇಳಿದರು: "ನಮ್ಮವರಿಗೇ ಲಾಯರ್ ಫೀಸು ಕಟ್ಟೋಕೆ ಗತಿ ಇಲ್ಲ. ಕಳ್ಳದಾರೀಲಿ ಬಂದೋನಿಗೆ ನಮ್ಮ ತೆರಿಗೆ ದುಡ್ಡಲ್ಲಿ ಲಾಯರ್ರಾ ಸ್ವಾಮಿ?" ಈ ಮಾತನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ತನ್ನ ನೆಲದಲ್ಲಿ ಯಾರು ನೆಲೆಸಬೇಕೆಂದು ತೀರ್ಮಾನಿಸುವ ಅಧಿಕಾರ ಒಂದು ದೇಶಕ್ಕೆ ಇದ್ದೇ ಇದೆ. ದಶಕಗಳ ಕಾಲ ಇಲ್ಲಿ ಬಾಳಿದ್ದ ಬೆಲ್ಜಿಯಂ ದೇಶದ ಪಾದ್ರಿಯೊಬ್ಬರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ೧೯೯೧ರಲ್ಲಿ ಹೇಳಿದ್ದೂ ಅದನ್ನೇ: ವಿದೇಶಿಗೆ ಜೀವ ಮತ್ತು ಸ್ವಾತಂತ್ರ್ಯದ ರಕ್ಷಣೆ ಉಂಟು, ಇಲ್ಲಿಯೇ ನೆಲೆಸುವ ಹಕ್ಕಿಲ್ಲ. ಇದನ್ನು ಒಪ್ಪಿಕೊಂಡೇ ಮುಂದಿನ ಮಾತು ಆಡಬೇಕು.

ಗೆಳೆಯರ ಮಾತಿನಲ್ಲಿ ಒಂದು ಪದ ಮಾತ್ರ ನನಗೆ ಗಂಟಲಲ್ಲಿ ಸಿಕ್ಕಿಕೊಂಡಿತು: 'ಬಂದೋನು'. ಅವನು ಹೊರಗಿನಿಂದ ಬಂದವನೆಂದು ತಿಳಿದದ್ದು ಹೇಗೆ? ಕಳ್ಳತನದ ಆಪಾದನೆಯಿದ್ದರೆ ಕದ್ದದ್ದನ್ನು ರುಜುವಾತು ಮಾಡಬೇಕಾದವರು ಪೊಲೀಸರು. ವಿದೇಶಿಯೆಂಬ ಆಪಾದನೆಯಲ್ಲಿ ಇದು ತಿರುಗುಮುರುಗು. ನಾನು ವಿದೇಶಿಯಲ್ಲ ಎಂದು ಆ ಮನುಷ್ಯನೇ ತೋರಿಸಬೇಕು. ೧೯೪೬ರ ವಿದೇಶಿಯರ ಕಾಯ್ದೆ ಹೀಗೆ ಹೇಳಿತ್ತು. ಅದರ ಜಾಗಕ್ಕೆ ೨೦೨೫ರಲ್ಲಿ ಬಂದ ಹೊಸ ಕಾಯ್ದೆಯೂ ಆ ಹೊರೆಯನ್ನು ಅವನ ತಲೆಯ ಮೇಲೆಯೇ ಉಳಿಸಿದೆ.

ತೋರಿಸಬೇಕಾದದ್ದು ಏನು? ೧೯೫೫ರ ಪೌರತ್ವ ಕಾಯ್ದೆಯ ಪ್ರಕಾರ ೧೯೫೦ರ ಜನವರಿ ೨೬ರಿಂದ ೧೯೮೭ರ ಜೂನ್ ಮುಗಿಯುವವರೆಗೆ ಇಲ್ಲಿ ಹುಟ್ಟಿದವರಿಗೆ, ಕೆಲವು ಅಪವಾದ ಬಿಟ್ಟರೆ, ಹುಟ್ಟೇ ಸಾಕು. ಆಮೇಲೆ ಹುಟ್ಟಿದವರಿಗೆ ತಂದೆತಾಯಿಯರಲ್ಲಿ ಒಬ್ಬರಾದರೂ ಪ್ರಜೆಯಾಗಿರಬೇಕು. ೨೦೦೪ರ ಡಿಸೆಂಬರ್ ೩ರಿಂದ ಈಚೆಗೆ ಹುಟ್ಟಿದವರಿಗೆ ಇಬ್ಬರೂ ಪ್ರಜೆಗಳಾಗಿರಬೇಕು, ಇಲ್ಲವೆ ಒಬ್ಬರು ಪ್ರಜೆಯಾಗಿ ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು. ಅಂದರೆ ಇಂದಿನ ಮಗು ತನ್ನ ಹುಟ್ಟಿನ ಜೊತೆಗೆ ಹೆತ್ತವರ ಹುಟ್ಟನ್ನೂ ಲೆಕ್ಕಕ್ಕೆ ಒಪ್ಪಿಸಬೇಕು.

ನಮ್ಮ ಹಟ್ಟಿಗಳಲ್ಲಿ ಇದು ಎಷ್ಟು ಸುಲಭ ಎಂದು ಯೋಚಿಸಿ ನೋಡಿ. ಪಾವಗಡದ ಕಡೆಯ ಒಬ್ಬ ಅಜ್ಜಿ ನನಗೆ ಗೊತ್ತು. ಅವರ ತಾಯಿ ಚೊಚ್ಚಲ ಹೆರಿಗೆಗೆಂದು ತವರಿಗೆ ಹೋದವರು, ತವರು ಗಡಿಯಾಚೆ. ಹುಟ್ಟಿದ್ದನ್ನು ಯಾರೂ ಬರೆಸಲಿಲ್ಲ. ಅಜ್ಜಿಯ ತಂದೆ ಒಂದು ಪಹಣಿಯಲ್ಲಿ ಹನುಮಂತಪ್ಪ, ಇನ್ನೊಂದರಲ್ಲಿ ಹನುಮಂತರಾಯಪ್ಪ. ಅಜ್ಜಿಯ ವಯಸ್ಸು ರೇಷನ್ ಕಾರ್ಡಿನಲ್ಲಿ ಒಂದು, ಮತದಾರರ ಪಟ್ಟಿಯಲ್ಲಿ ಮತ್ತೊಂದು. "ದೊಡ್ಡ ಬರ ಬಂದಿತ್ತಲ್ಲಪ್ಪ, ಅದರ ಹಿಂದಿನ ವರ್ಷ ಹುಟ್ಟಿದ್ದು" ಎಂದು ಆಕೆ ಹೇಳುವುದು ನಮಗೆ ಅರ್ಥವಾಗುತ್ತದೆ. ಅರ್ಜಿಯ ನಮೂನೆಯಲ್ಲಿ ಅದಕ್ಕೆ ಜಾಗವಿಲ್ಲ. ಜನನವನ್ನು ಒಂದು ವರ್ಷದೊಳಗೆ ಬರೆಸದಿದ್ದರೆ ೧೯೬೯ರ ಕಾಯ್ದೆಯಂತೆ ಮ್ಯಾಜಿಸ್ಟ್ರೇಟರ ಆದೇಶ ತರಬೇಕು. ಅದಕ್ಕೂ ಒಬ್ಬರ ನೆರವು ಬೇಕು.

ಆಕೆಯನ್ನು ಇದುವರೆಗೆ ಯಾರೂ ವಿದೇಶಿ ಎಂದಿಲ್ಲ, ನಿಜ. ಆದರೆ ಅದಕ್ಕೆ ಕಾರಣ ಆಕೆಯ ಕಾಗದಗಳಲ್ಲ. ಯಾರೂ ಕೇಳಿಲ್ಲ, ಅಷ್ಟೆ. ಊರು ಬಿಟ್ಟು ಹೋದವರನ್ನು ಕೇಳುತ್ತಾರೆ. ೨೦೨೦ರ ಜನವರಿಯಲ್ಲಿ ಬೆಂಗಳೂರಿನ ಕರಿಯಮ್ಮನ ಅಗ್ರಹಾರದಲ್ಲಿ ಕೂಲಿಕಾರರ ಶೆಡ್ಡುಗಳನ್ನು ನೆಲಸಮ ಮಾಡಲಾಯಿತು. ಅಲ್ಲಿರುವವರು ಬಾಂಗ್ಲಾದೇಶದವರು ಎಂಬುದು ಮಾತು. ಇದ್ದವರಲ್ಲಿ ಅಸ್ಸಾಂ, ತ್ರಿಪುರ, ಬಂಗಾಳದವರ ಜೊತೆಗೆ ನಮ್ಮ ಉತ್ತರ ಕರ್ನಾಟಕದವರೂ ಇದ್ದರು. ಶುದ್ಧ ಕನ್ನಡದಲ್ಲಿ ಗೋಗರೆದರೂ ಸೂರು ಉಳಿಯಲಿಲ್ಲ. ನಾಗರಿಕ ಹಕ್ಕುಗಳ ಸಂಘಟನೆಯೊಂದು ಹೈಕೋರ್ಟಿಗೆ ಹೋದ ಮೇಲೆ ತೆರವಿಗೆ ತಡೆ ಬಿತ್ತು. ಆ ಸಂಘಟನೆಯ ವಕೀಲರು 'ಇವರಲ್ಲಿ ಪ್ರಜೆಗಳು ಯಾರೆಂದು ಮೊದಲು ತಿಳಿಯಲಿ, ಆಮೇಲೆ ವಾದಿಸುತ್ತೇವೆ' ಎಂದು ಕಾದು ಕುಳಿತಿದ್ದರೆ ಏನಾಗುತ್ತಿತ್ತು?

ಗೆಳೆಯರಿಗೆ ನನ್ನ ಉತ್ತರ ಇಲ್ಲಿದೆ. ಪ್ರಜೆಗೆ ಮಾತ್ರ ವಕೀಲ ಎನ್ನುವುದಾದರೆ, ಇವನು ಪ್ರಜೆ ಹೌದೋ ಅಲ್ಲವೋ ಎಂಬ ಮೊಕದ್ದಮೆಗೆ ವಕೀಲರೇ ಇಲ್ಲದಂತಾಗುತ್ತದೆ. ತೀರ್ಪು ಬರೆದಿಟ್ಟುಕೊಂಡು ವಿಚಾರಣೆಗೆ ಕರೆದ ಹಾಗೆ. ಯಾವುದನ್ನು ತೀರ್ಮಾನಿಸಬೇಕಾಗಿದೆಯೋ ಅದನ್ನೇ ಮೊದಲ ಷರತ್ತಾಗಿ ಇಡುವುದು ನ್ಯಾಯವಲ್ಲ. ಬೈಲುಕುಪ್ಪೆಯ ಟಿಬೆಟನ್ನರನ್ನು ನಾವೆಲ್ಲ ನಿರಾಶ್ರಿತರೆಂದೇ ಕರೆಯುತ್ತೇವೆ. ಆದರೆ ೧೯೮೭ರ ಜುಲೈಗೆ ಮುಂಚೆ ಇಲ್ಲಿ ಹುಟ್ಟಿದ ಟಿಬೆಟನ್ನರು ಕಾನೂನಿನ ಪ್ರಕಾರ ಭಾರತದ ಪ್ರಜೆಗಳೇ ಎಂದು ೨೦೧೦ರಲ್ಲಿ ದೆಹಲಿ ಹೈಕೋರ್ಟು, ೨೦೧೩ರಲ್ಲಿ ನಮ್ಮ ಹೈಕೋರ್ಟು ಹೇಳಬೇಕಾಯಿತು. ಕಾಯ್ದೆಯಲ್ಲಿ ಮೊದಲಿನಿಂದಲೂ ಇದ್ದ ಮಾತು ಅದು. ಓದಿ ಹೇಳುವವರು ಬೇಕಾಗಿದ್ದರು. ಅಸ್ಸಾಮಿನ ಒಬ್ಬರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ೨೦೨೪ರ ಜುಲೈನಲ್ಲಿ, ಆಧಾರವೇ ಇಲ್ಲದೆ ಯಾರನ್ನೋ ವಿದೇಶಿಯೆಂದು ಕರೆದು ಪುರಾವೆ ಕೇಳುವಂತಿಲ್ಲ, ಹೆಸರಿನ ಕಾಗುಣಿತ, ತಾರೀಖುಗಳ ಸಣ್ಣ ವ್ಯತ್ಯಾಸ ಮುಂದಿಟ್ಟು ತಳ್ಳಿಹಾಕುವಂತಿಲ್ಲ ಎಂದಿತು. ನಮ್ಮ ಹನುಮಂತಪ್ಪ, ಹನುಮಂತರಾಯಪ್ಪರಿಗೆ ಇದಕ್ಕಿಂತ ಆಸರೆಯ ಮಾತು ಬೇರೆ ಏನಿದೆ? ಆ ಮಾತನ್ನು ನಮಗೆ ದೊರಕಿಸಿಕೊಟ್ಟವರು ಯಾರೋ ದೂರದವರು, ಅವರ ವಕೀಲರು.

ಹಾಗಾದರೆ ಅವನು ನಿಜವಾಗಿಯೂ ಹೊರಗಿನವನೇ ಆಗಿದ್ದರೆ? ಇದು ಹೆಚ್ಚು ಕಷ್ಟದ ಪ್ರಶ್ನೆ, ತಪ್ಪಿಸಿಕೊಳ್ಳಬಾರದು. ಆಗಲೂ ವಕೀಲರು ಬೇಕೆಂದೇ ನನ್ನ ಎಣಿಕೆ. ವಕೀಲರು ವಿದೇಶಿಯನ್ನು ಪ್ರಜೆ ಮಾಡಲಾರರು. ಕಳಿಸುವುದಾದರೆ ಕ್ರಮದಂತೆ ಕಳಿಸಿ, ತಾಯಿಯನ್ನೂ ಕೂಸನ್ನೂ ಬೇರೆ ಮಾಡಬೇಡಿ, ಹೋದ ಕಡೆ ಜೀವಕ್ಕೆ ಅಪಾಯವಿದೆಯೇ ನೋಡಿ ಎಂದು ಕೇಳುವುದು ಅವರ ಕೆಲಸ. ಸಂವಿಧಾನದ ೨೧ನೆಯ ವಿಧಿಯಲ್ಲಿ 'ಪ್ರಜೆ' ಎಂದಿಲ್ಲ, 'ವ್ಯಕ್ತಿ' ಎಂದಿದೆ. ಅರುಣಾಚಲದ ಚಕ್ಮಾ ಜನರ ವಿಷಯದಲ್ಲಿ ೧೯೯೬ರಲ್ಲಿ ಸುಪ್ರೀಂ ಕೋರ್ಟು, ಪ್ರಜೆಯಾಗಲಿ ಅಲ್ಲದಿರಲಿ ಪ್ರತಿಯೊಬ್ಬ ಮನುಷ್ಯನ ಜೀವವನ್ನು ಕಾಯುವುದು ಸರ್ಕಾರದ ಹೊಣೆ ಎಂದದ್ದು ಇದರ ಆಧಾರದ ಮೇಲೆಯೇ.

ವಕೀಲರನ್ನು ಒದಗಿಸುವ ಏರ್ಪಾಡು ನಮ್ಮಲ್ಲಿ ಇಲ್ಲದೆ ಇಲ್ಲ. ೧೯೮೭ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ೧೯೯೫ರ ನವೆಂಬರ್ ೯ರಂದು ಜಾರಿಗೆ ಬಂತು. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಬಂಧನದಲ್ಲಿರುವವರು, ಇವರಿಗೆ ಆದಾಯವನ್ನು ಲೆಕ್ಕಿಸದೆ ಉಚಿತ ವಕೀಲರನ್ನು ಕೊಡಬೇಕೆಂದು ಅದು ಹೇಳುತ್ತದೆ. ತಾಲ್ಲೂಕು ಕೋರ್ಟುಗಳಲ್ಲಿ ಕಾನೂನು ಸೇವಾ ಸಮಿತಿಗಳಿವೆ. ೧೫೧೦೦ ಎಂಬ ದೂರವಾಣಿ ಸಂಖ್ಯೆಯಿದೆ. ಇಲ್ಲದಿರುವುದು ತಿಳಿವಳಿಕೆ. ಊರಿನ ಹುಡುಗನನ್ನು ಎಲ್ಲೋ ತಡೆದು ಕೂರಿಸಿದರೆಂದು ಫೋನು ಬಂದಾಗ ಮನೆಯವರು ಮೊದಲು ಹುಡುಕುವುದು ರಾಜಕೀಯದವರನ್ನು, ಇಲ್ಲವೆ ದುಡ್ಡನ್ನು. ಕೋರ್ಟಿನ ಆವರಣದೊಳಗೆ ಅಂಥದೊಂದು ಕೋಣೆಯಿದೆ ಎಂಬುದು ನೆನಪಿಗೇ ಬರುವುದಿಲ್ಲ. ಓದಿದವರು ಮಾಡಬಹುದಾದ ಕೆಲಸ ಇಷ್ಟೇ: ಆ ಕೋಣೆಯ ಬಾಗಿಲು ತೋರಿಸುವುದು. ಬಂದವನ ಭಾಷೆ ನಮ್ಮದಲ್ಲ ಎಂಬ ಕಾರಣಕ್ಕೆ ತೋರಿಸದೆ ಇರಬಾರದು. ನಾಳೆ ಬೇರೊಂದು ಊರಿನ ಠಾಣೆಯ ಬೆಂಚಿನ ಮೇಲೆ ಕೂತ ನಮ್ಮ ಮಕ್ಕಳ ಭಾಷೆಯೂ ಅಲ್ಲಿಯವರ ಭಾಷೆಯಾಗಿರುವುದಿಲ್ಲ.