ದಾನಿಯ ಋಣ

ದಾನ ಕೊಟ್ಟವನಿಗೂ ಋಣವುಂಟೇ? ಕೊಂಡವನೇ ಋಣಿಯೆಂಬುದು ಲೋಕರೂಢಿ. ಆದರೆ ಕೊಡುವದು ಧಾನ್ಯವಸ್ತ್ರಗಳಾಗಿರದೆ ಶಸ್ತ್ರಕ್ರಿಯೆಯಾದಾಗ ಈ ಲೆಕ್ಕವು ತಿರುಗಿ ನಿಲ್ಲುವದು.

ಹಿರೇಬೆಂಡಿಗೇರಿಯಂಥ ಊರಲ್ಲಿ ಹತ್ತಿಯ ಅಂಡಿಗೆ, ಗೋವಿನಜೋಳದ ಚೀಲ ಹೊತ್ತು ಬಾಳುವವನಿಗೆ ತೊಡೆಯ ಸಂದಿನಲ್ಲಿ ಕರುಳು ಇಳಿಯಿತೆನ್ನೋಣ. ಭಾರ ಹೊರುವದರಿಂದಲೂ ಮರದಿಂದ ಬೀಳುವದರಿಂದಲೂ ಬರುವ ಈ ಅಂತ್ರವೃದ್ಧಿಯನ್ನು ಸುಶ್ರುತನು ಅಸಾಧ್ಯವೆಂದನು. ಇಂದಿನ ವೈದ್ಯರಿಗೆ ಇದು ಸುಸಾಧ್ಯ. ಕಷ್ಟವಿರುವದು ರೋಗಿಯ ಕೂಲಿಯಲ್ಲಿ. ಕೆಲವು ವಾರ ಭಾರ ಹೊರಲಾಗದೆಂದರೆ ಅವನು ಹುಬ್ಬಳ್ಳಿಯ ದಾರಿಯನ್ನೇ ಹಿಡಿಯನು. ಸಿಕ್ಕಿಕೊಂಡ ಕರುಳಿಗೆ ರಕ್ತ ನಿಂತರೆ ಪ್ರಾಣಕ್ಕೇ ಅಪಾಯ. ಆದುದರಿಂದಲೇ ದೇಶದೇಶಗಳಲ್ಲಿ ಸ್ವಯಂಸೇವಕ ವೈದ್ಯರ ತಂಡಗಳು ಬಡವರಿದ್ದಲ್ಲಿಗೇ ಹೋಗಿ ಧರ್ಮಾರ್ಥವಾಗಿ ಹರ್ನಿಯಾ ಶಸ್ತ್ರಕ್ರಿಯೆ ನಡೆಸುವವು. ಬೀಳಗಿಯಲ್ಲಿ ಹುಟ್ಟಿ 2005ರಲ್ಲಿ ತೀರಿಕೊಂಡ ಡಾ. ಎಂ. ಸಿ. ಮೋದಿಯವರ ನೇತ್ರ ಶಿಬಿರಗಳಿಂದ ಈ ಬಗೆಯ ಸೇವೆಯು ಕನ್ನಡಿಗರಿಗೆ ಚಿರಪರಿಚಿತ.

ಕೆಲವರ ಆಕ್ಷೇಪಣೆಯು ಅಗ್ಗತನದ ಮೇಲೆ. ಮಹಾರಾಷ್ಟ್ರದ ದೋಂಡಾಯಿಚಾದ ಡಾ. ತೊಂಗಾವ್ಕರರೂ ಸಹಕಾರಿಗಳೂ ಬೆಲೆಯುಳ್ಳ ಜಾಳಿಗೆಯ ಬದಲು ಸೊಳ್ಳೆಪರದೆಯ ಬಟ್ಟೆಯನ್ನು ಶುದ್ಧಿಗೊಳಿಸಿ ಹೊಲಿದ ಫಲವನ್ನು 2003ರಲ್ಲಿ ಪ್ರಕಟಿಸಿದರು. ಬಡವನ ಹೊಟ್ಟೆಗೆ ಸೊಳ್ಳೆಪರದೆಯೇ ಎಂದು ಮೂಗು ಮುರಿಯುವದು ಸುಲಭ. ಆದರೆ ಉಗಾಂಡಾದಲ್ಲಿ 302 ಗಂಡಸರನ್ನು ಎರಡು ಪಾಲು ಮಾಡಿ, ಎರಡೂ ಬಗೆಯ ಬಟ್ಟೆಗಳನ್ನಿಟ್ಟು, ವರ್ಷದ ತರುವಾಯ ಮತ್ತೆ ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ಶೋಧನೆಯಲ್ಲಿ ಗಣನೀಯ ಭೇದವು ಕಾಣಲಿಲ್ಲ. ಅಗ್ಗದ ಬಟ್ಟೆಯು ಅವಮಾನವಲ್ಲ. ವರ್ಷದ ತರುವಾಯ ಯಾರೂ ಬಂದು ನೋಡದಿರುವದು ಅವಮಾನ.

ತಂಡದ ಗಾಡಿ ಹೋದ ಮೇಲೆ ಗಾಯವು ಕೀವುಗಟ್ಟಬಹುದು, ಕರುಳು ಮತ್ತೆ ಇಳಿಯಬಹುದು. ಹಣ ತೆತ್ತವನು ವೈದ್ಯನನ್ನು ಗದರಿಸಿ ಕೇಳುವನು. ಪುಕ್ಕಟೆ ಪಡೆದವನಿಗೆ ದೂರು ಹೇಳಲು ನಾಲಿಗೆಯೇ ಏಳದು. ಹೇಳಿದರೆ ಕೃತಘ್ನನೆಂಬ ಹೆಸರು. ಅವನು ಕೇಳಲಾರದ್ದನ್ನು ಕೊಟ್ಟವನೇ ತಾನಾಗಿ ನೆನೆಯಬೇಕಾಗಿ ಬರುವದರಿಂದ ಋಣವು ಕೊಟ್ಟವನ ಹೆಗಲೇರುವದು.

ಇಷ್ಟು ಕಟ್ಟು ಹಾಕಿದರೆ ಬರುವವರೂ ಬಾರರು, ಏನೂ ಇಲ್ಲದ್ದಕ್ಕಿಂತ ಇಷ್ಟಾದರೂ ಮೇಲಲ್ಲವೇ ಎಂಬ ವಾದವುಂಟು. ಕರುಳು ಸಿಕ್ಕಿಕೊಂಡು ಒದ್ದಾಡುವವನ ವಿಷಯದಲ್ಲಿ ಅದು ನಿಜ. ಆದರೆ ಶಿಬಿರದಲ್ಲಿ ಸಾಲುನಿಲ್ಲುವವರಲ್ಲಿ ಹೆಚ್ಚಿನವರು ವರ್ಷಗಟ್ಟಲೆ ಗಂಟನ್ನು ಒಳತಳ್ಳಿಕೊಂಡು ದುಡಿದವರು. ಅವಸರವು ಅವರ ರೋಗದ್ದಲ್ಲ, ತಂಡದ ರಜೆಯದು. ಶಿಗ್ಗಾಂವಿಯ ಸರಕಾರಿ ವೈದ್ಯರನ್ನು ಮೊದಲೇ ಜೊತೆಗೆ ನಿಲ್ಲಿಸಿಕೊಂಡು, ಯಾವ ಬಟ್ಟೆ ಇಟ್ಟಿತು, ಏನಾದರೆ ಎಲ್ಲಿಗೆ ಹೋಗಬೇಕೆಂದು ಕನ್ನಡದಲ್ಲಿ ಬರೆದ ಚೀಟಿಯನ್ನು ರೋಗಿಯ ಕೈಗಿಡಲು ಎಷ್ಟು ಹೊತ್ತು ಬೇಕು? ವರದಿಯಲ್ಲಿ ಕೊಯ್ದವರ ಎಣಿಕೆಯ ಪಕ್ಕದಲ್ಲಿ, ಮುಂದಿನ ಸುಗ್ಗಿಗೆ ಮತ್ತೆ ಚೀಲ ಹೊತ್ತವರ ಎಣಿಕೆಗೂ ಒಂದು ಮನೆಯನ್ನು ಗೆರೆ ಹಾಕಿಡಬಹುದು.