ಊರು ಬಳಸಿ ನಡೆದವರು ಮತ್ತು ವರ್ತುಲ ರಸ್ತೆ

ನಮ್ಮ ತಾತ ತೋಟಿ ಕೆಲಸ ಮಾಡುತ್ತಿದ್ದ. ಕಂದಾಯದ ಗಂಟು ಹೊತ್ತು ಶಾನುಭೋಗರ ಹಿಂದೆ ತಾಲ್ಲೂಕು ಕಚೇರಿಗೆ ನಡೆಯುವುದು, ಊರಲ್ಲಿ ಯಾರಾದರೂ ಸತ್ತರೆ ಹತ್ತೂರಿನ ನೆಂಟರಿಗೆ ಸುದ್ದಿ ಮುಟ್ಟಿಸುವುದು, ದನ ಸತ್ತರೆ ಎಳೆದು ಹಾಕುವುದು. ಜೀವಮಾನವೆಲ್ಲಾ ನಡೆದೇ ಸವೆದ ಮನುಷ್ಯ. ಆದರೆ ಊರ ನಡುಬೀದಿಯಲ್ಲಿ ಅವನು ಕೆರ ಮೆಟ್ಟಿ ನಡೆದದ್ದನ್ನು ಕಂಡವರಿಲ್ಲ. ಕೇರಿಯಿಂದ ಕೆರೆಗೆ ನೆಟ್ಟಗೆ ಹೋದರೆ ಒಂದು ಬೀಡಿ ಸೇದುವಷ್ಟು ದೂರ. ಊರು ಬಳಸಿ ಹೋದರೆ ಮೂರು ಬೀಡಿ. ಹುಡುಗನಾಗಿದ್ದಾಗ ನಾನು ನೆಟ್ಟಗೆ ಹೋಗೋಣ ಅಂದರೆ ತಾತ ಕೈ ಹಿಡಿದು ಎಳೆದು, 'ಬಳಸ್ಕೊಂಡೇ ಹೋಗಾನ ಬಾ ಮಗಾ, ನಮ್ ದಾರಿ ಅದೇಯಾ' ಅನ್ನುತ್ತಿದ್ದ.

ಈಗ ಬೆಂಗಳೂರು ಪಟ್ಟಣವೇ ತನ್ನನ್ನು ತಾನು ಬಳಸಿ ಹೋಗುವ ದಾರಿ ಮಾಡಿಕೊಳ್ಳುತ್ತಿದೆ. ಬಳಸು ದಾರಿ ನಮಗೆ ಅವಮಾನವಾಗಿತ್ತು, ಪಟ್ಟಣಕ್ಕೆ ಅದೇ ಅಭಿವೃದ್ಧಿ. ಈ ಎರಡರ ನಡುವೆ ಒಂದು ನೀತಿಯ ಪ್ರಶ್ನೆ ಇದೆ. ಅದನ್ನು ನನ್ನ ತಲೆಗೆ ಹಾಕಿದವಳು ಒಬ್ಬ ಕೂಲಿ ಹೆಂಗಸು.

ಕೆಲವು ವರ್ಷಗಳ ಹಿಂದೆ, ರಿಂಗ್ ರೋಡಿಗೆ ಜಮೀನು ಹೋಗಲಿದ್ದ ಒಂದು ಹಳ್ಳಿಯ ಸಭೆಗೆ ನಾನೂ ಹೋಗಿದ್ದೆ. ಅರಳಿಕಟ್ಟೆಯ ಮೇಲೆ ಜಮೀನಿದ್ದವರು, ಕೆಳಗೆ ದೂರದಲ್ಲಿ ಕೇರಿಯವರು. ಬಂದಿದ್ದ ಅಧಿಕಾರಿ 'ಇದು ಸಾರ್ವಜನಿಕ ಉದ್ದೇಶ, ಎಲ್ಲರೂ ಸ್ವಲ್ಪ ತ್ಯಾಗ ಮಾಡಬೇಕಾಗುತ್ತೆ' ಅಂದರು. ಆಗ ಆ ಹೆಂಗಸು ಕೂತಲ್ಲಿಂದಲೇ ಕೇಳಿದಳು: 'ಸಾಮಿ, ಸಾರ್ವಜನಿಕ ಅಂದ್ರೆ ಯಾರು? ಅದ್ರಲ್ಲಿ ನಾನೂ ಇವ್ನಾ?'

ಕಟ್ಟೆಯ ಮೇಲಿನವರು ನಕ್ಕರು. 'ನಿಂಗ್ಯಾಕಮ್ಮಿ ಈ ಮಾತು? ಒಂದ್ ಗುಂಟೆ ಇಲ್ದೋಳು ನಿಂದೇನ್ ಹೋಗ್ತದೆ?' ಅಂತ ಒಬ್ಬರು ಕೇಳಿದರು. ಅಧಿಕಾರಿ ಉತ್ತರ ಕೊಡಲಿಲ್ಲ. ಕಾಗದ ಮಡಚಿಕೊಂಡು ಜೀಪು ಹತ್ತಿದರು. ಇಲ್ಲದವಳು ಏನನ್ನು ಕಳೆದುಕೊಳ್ಳುತ್ತಾಳೆ? ಲೆಕ್ಕದಲ್ಲೇ ಇಲ್ಲದವರಿಂದ 'ಎಲ್ಲರ' ಹೆಸರಿನಲ್ಲಿ ತ್ಯಾಗ ಕೇಳುವುದಕ್ಕೆ ಯಾರಿಗೆ ಹಕ್ಕಿದೆ?

ಮೊದಲು ರಸ್ತೆಗಳನ್ನು ನೋಡೋಣ. ಬೆಂಗಳೂರಿನ ಹೊರ ವರ್ತುಲ ರಸ್ತೆ ಸುಮಾರು 60 ಕಿಲೋಮೀಟರು. 1996ರಿಂದ 2002ರವರೆಗೆ ತುಂಡುತುಂಡಾಗಿ ತೆರೆಯಿತು. ಕಟ್ಟಿದಾಗ ಅದು ಊರಾಚೆ ಇತ್ತು. ಹೆಬ್ಬಾಳ, ಮಾರತ್‌ಹಳ್ಳಿ, ಬನಶಂಕರಿಗಳನ್ನು ಪೋಣಿಸಿದ ಆ ರಸ್ತೆಯನ್ನು ಪಟ್ಟಣ ನೋಡನೋಡುತ್ತಲೇ ನುಂಗಿಕೊಂಡಿತು. ಆಚೆ ಇದ್ದದ್ದು ಒಳಗಾಯಿತು, ಮತ್ತೆ ಆಚೆಗೊಂದು ಬೇಕಾಯಿತು. ಅದೇ ಪೆರಿಫೆರಲ್ ರಿಂಗ್ ರೋಡ್. ತುಮಕೂರು ರಸ್ತೆಯಿಂದ ಬಳ್ಳಾರಿ ರಸ್ತೆ, ಹಳೇ ಮದರಾಸು ರಸ್ತೆ ದಾಟಿ ಹೊಸೂರು ರಸ್ತೆವರೆಗೆ ಸುಮಾರು 73 ಕಿಲೋಮೀಟರು. 2005ರಲ್ಲಿ ಮೊದಲ ಅಧಿಸೂಚನೆ, 2007ರಲ್ಲಿ ಅಂತಿಮ ಅಧಿಸೂಚನೆ. ಆಮೇಲೆ ಹದಿನೈದು ವರ್ಷ ಕಳೆದರೂ ರಸ್ತೆ ಕಾಗದದ ಮೇಲೆಯೇ ಇತ್ತು. ಅದಕ್ಕೂ ಆಚೆ ದಾಬಸ್‌ಪೇಟೆ, ದೊಡ್ಡಬಳ್ಳಾಪುರ, ಹೊಸಕೋಟೆ, ಆನೇಕಲ್, ರಾಮನಗರ, ಮಾಗಡಿಗಳನ್ನು ಸುತ್ತುವ ಸ್ಯಾಟಲೈಟ್ ಟೌನ್ ರಿಂಗ್ ರೋಡ್, ಸುಮಾರು 280 ಕಿಲೋಮೀಟರು. ಕೆರೆಗೆ ಕಲ್ಲು ಹಾಕಿದರೆ ಅಲೆ ಸುತ್ತುಸುತ್ತಾಗಿ ಏಳುತ್ತದಲ್ಲ, ಹಾಗೆ. ಕಲ್ಲು ಹಾಕಿದವನು ದಡದ ಮೇಲೆ ಒಣಗಿ ನಿಂತಿರುತ್ತಾನೆ.

ಅಧಿಸೂಚನೆ ಅಂದರೇನು ಅಂತ ರೈತನನ್ನು ಕೇಳಬೇಕು. ಜಮೀನು ಅವನದೇ, ಆದರೆ ಸರಿಯಾದ ಬೆಲೆಗೆ ಮಾರುವ ಹಾಗಿಲ್ಲ, ಮನೆ ಕಟ್ಟುವ ಹಾಗಿಲ್ಲ, ಬ್ಯಾಂಕಿನ ಸಾಲ ಹುಟ್ಟುವುದಿಲ್ಲ. ಪರಿಹಾರದ ದುಡ್ಡೂ ಇಲ್ಲ. ಹೀಗೆ ಒಂದು ತಲೆಮಾರು ಕಳೆದು ಹೋಯಿತು. ಅಷ್ಟರಲ್ಲಿ ರಸ್ತೆಯ ಹೆಸರೂ ಬದಲಾಯಿತು: 'ಬೆಂಗಳೂರು ಬಿಸಿನೆಸ್ ಕಾರಿಡಾರ್'. ಸಾರ್ವಜನಿಕ ಉದ್ದೇಶ ಅಂತ ಶುರುವಾದದ್ದು ತನ್ನ ನಿಜವಾದ ಹೆಸರನ್ನು ತಾನೇ ಹೇಳಿಕೊಂಡಿತು.

ಇನ್ನು ಈ ಸುತ್ತುಗಳು ಬೀಳುವ ನೆಲ ಎಂಥದ್ದು? ಊರ ಅಂಚಿನದು. ನಮ್ಮ ಊರುಗಳ ಅಂಚಿನಲ್ಲಿ ಯಾರನ್ನು ಇಟ್ಟಿದ್ದಾರೆ ಅನ್ನುವುದನ್ನು ಈ ಪತ್ರಿಕೆ ಓದುವವರಿಗೆ ಹೇಳಬೇಕಾಗಿಲ್ಲ. ಕೇರಿ ಅಲ್ಲಿದೆ. ಹೆಣ ಹೂಳುವ ನಮ್ಮ ಜಾಗ ಅಲ್ಲಿದೆ, ಬಹಳ ಕಡೆ ಅದಕ್ಕೆ ಪಹಣಿಯೂ ಇಲ್ಲ. ಗೋಮಾಳ, ಖರಾಬು, ಕೆರೆಯಂಗಳ ಅಲ್ಲಿವೆ. ತೋಟಿ, ತಳವಾರ, ನೀರಗಂಟಿ ಕೆಲಸಕ್ಕೆ ಅಂಟಿಕೊಂಡಿದ್ದ ಇನಾಮು ಜಮೀನೂ ಬಹುಪಾಲು ಅಲ್ಲೇ. ಗ್ರಾಮ ಹುದ್ದೆಗಳನ್ನು ರದ್ದು ಮಾಡಿದ 1961ರ ಕಾಯ್ದೆ ಆ ಜಮೀನನ್ನು ಮಾಡಿದವರಿಗೇ ಮರುಮಂಜೂರು ಮಾಡಬೇಕು ಅಂದಿತು. ಸರ್ಕಾರ ನಮಗೆ ಮಂಜೂರು ಮಾಡಿದ ಜಮೀನನ್ನು ಯಾರೂ ಹೊಡೆದುಕೊಳ್ಳದ ಹಾಗೆ 1978ರಲ್ಲಿ ಪಿಟಿಸಿಎಲ್ ಕಾಯ್ದೆ ಬಂತು. ಕೈತಪ್ಪಿದ ಜಮೀನನ್ನು ವಾಪಸು ಕೇಳುವುದಕ್ಕೆ ತಡವಾಯಿತು ಅನ್ನುವ ತಕರಾರು ಇರಬಾರದು ಅಂತ 2023ರಲ್ಲಿ ಅದಕ್ಕೆ ತಿದ್ದುಪಡಿಯೂ ಆಯಿತು. ಒಳ್ಳೆಯದೇ. ಆದರೆ ಈ ಕಾಯ್ದೆ ತಡೆಯುವುದು ಖಾಸಗಿಯವನನ್ನು. ಸರ್ಕಾರವೇ ರಸ್ತೆಗೆ ಅಂತ ತೆಗೆದುಕೊಂಡರೆ ಅದು ಬಾಯಿ ಬಿಡುವುದಿಲ್ಲ. ಕೊಟ್ಟ ಕೈಯೇ ಕಿತ್ತುಕೊಳ್ಳುತ್ತದೆ.

ರಸ್ತೆಯ ಪ್ರಶ್ನೆ ನಮಗೆ ಹೊಸದಲ್ಲ. 1924ರ ಮಾರ್ಚಿ 30ರಂದು ತಿರುವಾಂಕೂರಿನ ವೈಕಂನಲ್ಲಿ ಸತ್ಯಾಗ್ರಹ ಶುರುವಾಯಿತು. ಅವರು ಅಂದು ದೇವಸ್ಥಾನದ ಒಳಗೆ ಬಿಡಿ ಅಂತ ಕೇಳಿರಲಿಲ್ಲ. ದೇವಸ್ಥಾನದ ಸುತ್ತ ಇದ್ದ ನಾಲ್ಕು ಬೀದಿಗಳಲ್ಲಿ ನಡೆಯಲು ಬಿಡಿ ಅಂತ ಕೇಳಿದರು. ನಾಯಿ ಬೆಕ್ಕು ಓಡಾಡುವ ಬೀದಿ, ಮನುಷ್ಯರಿಗೆ ಇಲ್ಲಿಂದ ಮುಂದೆ ಬರಕೂಡದು ಅಂತ ಹಲಗೆ. ಪೆರಿಯಾರ್ ಅಲ್ಲಿ ಜೈಲಿಗೆ ಹೋದರು. ಆರುನೂರು ದಿನ ಹೋರಾಡಿದ ಮೇಲೆ 1925ರ ನವೆಂಬರಿನಲ್ಲಿ ರಾಜಿಯಾಯಿತು. ಎಂಥ ರಾಜಿ? ಮೂರು ಕಡೆಯ ಬೀದಿ ಎಲ್ಲರಿಗೂ ತೆರೆಯಿತು, ಪೂರ್ವದ ಬೀದಿ ಮೇಲ್ಜಾತಿಗೇ ಉಳಿಯಿತು. ಆ ಜಾಗ ತಪ್ಪಿಸಿ ಓಡಾಡುವುದಕ್ಕೆ ಬೇರೆ ದಾರಿ ಮಾಡಿಕೊಟ್ಟರು. ದಾರಿ ಬಿಡು ಅಂದರೆ ಇನ್ನೊಂದು ದಾರಿ ಹಾಕಿಕೊಡುವುದು ಈ ವ್ಯವಸ್ಥೆಗೆ ಹಳೆಯ ಚಾಳಿ.

ಹಾಗಾದರೆ ರಸ್ತೆಯೇ ಬೇಡವೇ? ಇಲ್ಲಿ ನಾವು ಪ್ರಾಮಾಣಿಕರಾಗಿರಬೇಕು. ನೆಲತಾಯಿ, ಹಸಿರು, ಹಳ್ಳಿಯ ಸೊಬಗು ಅಂತ ಕಣ್ಣೀರು ಹಾಕುವ ಗೆಳೆಯರು ನಮ್ಮ ಸಭೆಗಳಿಗೂ ಬರುತ್ತಾರೆ. ಆ ಹಾಡು ನಮ್ಮದಲ್ಲ. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಹಳ್ಳಿಯನ್ನು ಹೊಗಳುವವರ ಮುಖಕ್ಕೆ ಹೊಡೆದ ಹಾಗೆ ಮಾತಾಡಿದರು. ಹಳ್ಳಿ ಅವರಿಗೆ ಅಜ್ಞಾನದ, ಸಂಕುಚಿತ ಬುದ್ಧಿಯ, ಜಾತಿಯ ಗೂಡಾಗಿ ಕಂಡಿತ್ತು. ನಾನು ಕೂಡ ಬೆಂಗಳೂರಿನ ಬಸ್ಸು ಹತ್ತಿದ ದಿನ, ಪಕ್ಕದವನು ಯಾವ ಜಾತಿ ಅಂತ ಕೇಳದೆ ಸರಿದು ಜಾಗ ಕೊಟ್ಟಾಗ ಮೊದಲ ಸಲ ಮೈ ಹಗುರಾಯಿತು. ಆ ಬಸ್ಸು ಬಂದದ್ದು ರಸ್ತೆಯ ಮೇಲೆ. ಮೊದಲು ಡಾಂಬರು ಬೇಡ ಅಂದವರು ನಮ್ಮೂರ ಗೌಡರು. ರಸ್ತೆಯಾದರೆ ಆಳುಗಳು ಪಟ್ಟಣ ಸೇರುತ್ತಾರೆ ಅನ್ನುವ ಭಯ ಅವರಿಗೆ. ಆದ್ದರಿಂದ ರಸ್ತೆ ಬೇಡ ಅನ್ನುವ ಮಾತು ನನ್ನ ಬಾಯಿಂದ ಬರುವುದಿಲ್ಲ.

ನನ್ನ ತಕರಾರು ತ್ಯಾಗ ಅನ್ನುವ ಮಾತಿನ ಮೇಲೆ. 'ಕೆರೆಗೆ ಹಾರ' ಹಾಡನ್ನು ಮೇಷ್ಟ್ರುಗಳು ಮಕ್ಕಳಿಗೆ ಕಲಿಸಿರುತ್ತೀರಿ. ಕೆರೆಗೆ ನೀರು ಬರಲಿಲ್ಲ, ಊರಿಗೆ ನೀರು ಬೇಕು, ಬಲಿ ಕೊಡಬೇಕು. ಯಾರನ್ನು? ಕಿರಿಸೊಸೆ ಭಾಗೀರಥಿಯನ್ನು. ನೀರು ಬೇಕಾದದ್ದು ನಿಜ, ಕೆರೆ ತುಂಬಿದ್ದೂ ಒಳ್ಳೆಯದೇ. ಆದರೆ ತೀರ್ಮಾನ ಮಾಡಿದವರು ಮುಳುಗಲಿಲ್ಲ, ಮುಳುಗಿದವಳನ್ನು ಯಾರೂ ಕೇಳಲಿಲ್ಲ. ಇದನ್ನು ತ್ಯಾಗ ಅಂತ ಹಾಡಿ ಹಾಡಿ ನಾವು ಕೊಲೆಯನ್ನು ಮರೆತೆವು.

ಹತ್ತು ಜನಕ್ಕೆ ಒಳ್ಳೆಯದಾಗುವುದಾದರೆ ಒಬ್ಬನಿಗೆ ಕಷ್ಟವಾದರೂ ಸರಿ ಅನ್ನುವ ಲೆಕ್ಕ ಕೇಳಲು ನ್ಯಾಯವಾಗಿಯೇ ಕಾಣುತ್ತದೆ. ಆ ಒಬ್ಬ ಇವತ್ತು ನಾನು, ನಾಳೆ ನೀನು, ನಾಡಿದ್ದು ಗೌಡ, ಆಚೆ ನಾಡಿದ್ದು ಮಂತ್ರಿ ಅಂತ ಸರದಿ ಬಂದರೆ ಅದನ್ನು ಒಪ್ಪಬಹುದು. ಪ್ರತಿ ಸಲವೂ ಆ ಒಬ್ಬ ಅದೇ ಒಬ್ಬನಾದರೆ? ಆಗ ಅದು ಲೆಕ್ಕವಲ್ಲ, ಜಾತಿ. ತ್ಯಾಗ ಅನ್ನುವುದು ಇದ್ದವನು ತಾನಾಗಿ ಕೊಡುವಂಥದ್ದು. ಕೇಳದೆ ತೆಗೆದುಕೊಂಡದ್ದಕ್ಕೆ ಬೇರೆ ಹೆಸರಿದೆ, ಅದು ಬಿಟ್ಟಿ. ನಮ್ಮ ತಾತನಿಂದ ತೆಗೆದುಕೊಂಡದ್ದೂ ಅದನ್ನೇ.

ಈಗ ಆ ಹೆಂಗಸಿನ ಕಡೆ ತಿರುಗೋಣ. ಅವಳಿಗೆ ಗುಂಟೆ ನೆಲವಿಲ್ಲ. ಆದರೆ ಆ ಹೊಲಗಳಲ್ಲಿ ರಾಗಿ ಪೈರು ನಾಟಿದವಳು, ಕಳೆ ಕಿತ್ತವಳು, ಸೊಪ್ಪಿನ ಮಡಿಗೆ ನೀರು ಕಟ್ಟಿದವಳು ಅವಳು. ಬದುವಿನ ಹುಲ್ಲಿನಿಂದ ಅವಳ ಒಂದು ಹಸು ಬದುಕಿತ್ತು. ಬೇಲಿಯ ಸೌದೆಯಿಂದ ಒಲೆ ಉರಿಯುತ್ತಿತ್ತು. ಜಮೀನು ಹೋದರೆ ಯಜಮಾನನ ಕೈಗೆ ಚೆಕ್ಕು ಬರುತ್ತದೆ. ಅವಳಿಗೆ ಮಾರನೆಯ ದಿನದ ಕೂಲಿ ಇಲ್ಲ, ಅಷ್ಟೇ. ಕಳೆದುಕೊಳ್ಳುವುದಕ್ಕೂ ಪಹಣಿ ಬೇಕು ಅನ್ನುವ ನ್ಯಾಯ ಇದು.

ಕಾನೂನಿಗೆ ಇದು ಗೊತ್ತಿಲ್ಲದ ವಿಷಯವೇನಲ್ಲ. 2013ರ ಭೂಸ್ವಾಧೀನ ಕಾಯ್ದೆ, ಮೂರು ವರ್ಷದಿಂದ ಆ ನೆಲದ ದುಡಿಮೆಯನ್ನೇ ನಂಬಿ ಬದುಕಿದ ಕೂಲಿಕಾರರ, ಗೇಣಿದಾರರ ಕುಟುಂಬವನ್ನೂ ಬಾಧಿತ ಕುಟುಂಬ ಅಂತ ಎಣಿಸಿತು. ಊರಿನ ಮೇಲೆ ಏನು ಪರಿಣಾಮವಾಗುತ್ತೆ ಅಂತ ಮೊದಲು ಅಧ್ಯಯನ ಮಾಡಿ ಅಂದಿತು. ಆದರೆ ಪೆರಿಫೆರಲ್ ರಸ್ತೆಯ ಜಮೀನು 1976ರ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಕಾಯ್ದೆಯ ಕೆಳಗೆ ಬರುತ್ತದೆ. ಅದಕ್ಕೆ 2013ರ ಕಾಯ್ದೆ ಅನ್ವಯಿಸುವುದಿಲ್ಲ ಅಂತ 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿತು. ಜಮೀನಿದ್ದವರು ಪರಿಹಾರದ ದರಕ್ಕೆ ಬೀದಿಗಿಳಿದರು, ನ್ಯಾಯವಾಗಿಯೇ ಇಳಿದರು. ಜಮೀನಿಲ್ಲದವರಿಗೆ ಆ ತೀರ್ಪಿನಿಂದ ಏನು ಹೋಯಿತು ಅಂತ ಬರೆದ ಪತ್ರಿಕೆಯನ್ನು ನಾನು ಕಾಣೆ.

ಅದೇ 2022ರ ಆಗಸ್ಟ್ 30ರಂದು ದೊಡ್ಡ ಮಳೆಗೆ ಹೊರ ವರ್ತುಲ ರಸ್ತೆ ಮುಳುಗಿತು. ಕಂಪನಿಗಳ ನೌಕರರು ಗಂಟೆಗಟ್ಟಲೆ ಸಿಕ್ಕಿಕೊಂಡರು. ಆ ಒಂದು ದಿನ ತಮಗೆ 225 ಕೋಟಿ ರೂಪಾಯಿ ನಷ್ಟವಾಯಿತು ಅಂತ ಅಲ್ಲಿನ ಕಂಪನಿಗಳ ಸಂಘ ಮುಖ್ಯಮಂತ್ರಿಗಳಿಗೆ ಕಾಗದ ಬರೆಯಿತು. ನಾನು ಅದನ್ನು ಹಂಗಿಸುತ್ತಿಲ್ಲ. ನೌಕರರ ಪಾಡೂ ಪಾಡೇ. ನಾನು ನೋಡುತ್ತಿರುವುದು ಲೆಕ್ಕದ ವೇಗವನ್ನು. ಒಂದು ದಿನದ ನಷ್ಟಕ್ಕೆ ಕೆಲವೇ ದಿನಗಳಲ್ಲಿ ಅಂಕಿ ಸಿಕ್ಕಿತು. ಅಧಿಸೂಚನೆಯಾದ ಹೊಲದಲ್ಲಿ ಕೂಲಿ ಕಳೆದುಕೊಂಡವಳ ಅಂಕಿ ಇಷ್ಟು ವರ್ಷವಾದರೂ ಸಿಕ್ಕಿಲ್ಲ. ಎಣಿಸಿದವರು ಮಾತ್ರ ಸಾರ್ವಜನಿಕರು.

ಇನ್ನೊಂದು ಮಾತು ಇದೆ. ಕಟ್ಟಿದ ಮೇಲೆ ಆ ರಸ್ತೆಯಲ್ಲಿ ಯಾರು ಹೋಗುತ್ತಾರೆ? ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹೊಸ ಹೆದ್ದಾರಿ ವರ್ತುಲ ರಸ್ತೆಯಲ್ಲ, ಆದರೂ ಅದರಿಂದ ಪಾಠ ಕಲಿಯಬೇಕು. 2023ರ ಆಗಸ್ಟ್ 1ರಿಂದ ಅದರ ಮುಖ್ಯ ರಸ್ತೆಗೆ ಬೈಕು, ಆಟೋ, ಟ್ರಾಕ್ಟರು ಬರಕೂಡದು ಅಂತಾಯಿತು. ಅವು ಪಕ್ಕದ ಸರ್ವೀಸ್ ರಸ್ತೆಯಲ್ಲಿ ಹೋಗಬೇಕು. ಅಪಘಾತ ತಪ್ಪಿಸಲು ಅನ್ನುವುದು ಕಾರಣ, ಆ ಕಾರಣ ಸುಳ್ಳಲ್ಲ. ಆದರೆ ವೇಗದವರಿಗೆ ನಡುದಾರಿ, ನಿಧಾನದವರಿಗೆ ಪಕ್ಕದ ದಾರಿ ಅಂತ ಬರೆದ ಹಲಗೆ ನೋಡಿದಾಗ ನನಗೆ ವೈಕಂ ನೆನಪಾಗುತ್ತದೆ, ತಾತ ನೆನಪಾಗುತ್ತಾನೆ. ಕೇರಿಯಿಂದ ಸ್ಮಶಾನಕ್ಕೆ, ಶಾಲೆಗೆ, ಹೊಲಕ್ಕೆ ಹೋಗುವ ದಾರಿಯನ್ನು ಆರು ಪಥದ ರಸ್ತೆ ಕತ್ತರಿಸಿದರೆ ಕೆಳಸೇತುವೆಗಾಗಿ ಒಂದು ಮೈಲಿ ನಡೆಯಬೇಕಾದವರು ಯಾರು? ಕಾರಿನವರು ಅಲ್ಲ. ಹೆಣ ಹೊತ್ತವರು, ಚೀಲ ಹೊತ್ತ ಮಕ್ಕಳು. ಮತ್ತೆ ಬಳಸು ದಾರಿ.

ಹಾಗಾಗಿ ವರ್ತುಲ ರಸ್ತೆ ಒಳ್ಳೆಯದೋ ಕೆಟ್ಟದ್ದೋ ಅಂತ ಯಾರಾದರೂ ಕೇಳಿದರೆ ನಾನು ಕೇಳುವುದು ಇಷ್ಟೇ. ಕಳೆದುಕೊಳ್ಳುವವರನ್ನೆಲ್ಲ ಎಣಿಸಿದ್ದೀರಾ, ಪಹಣಿ ಇಲ್ಲದವರನ್ನೂ ಸೇರಿಸಿ? ಅವರನ್ನು ಕೇಳಿದ್ದೀರಾ, ಬೇಡ ಅನ್ನುವ ಸ್ವಾತಂತ್ರ್ಯ ಕೊಟ್ಟು? ಕಟ್ಟಿದ ಮೇಲೆ ಅವರು ಅದನ್ನು ದಾಟಬಲ್ಲರಾ? ಈ ಮೂರಕ್ಕೂ ಹೌದು ಅನ್ನುವ ರಸ್ತೆಗೆ ನಾನೇ ಮುಂದೆ ನಿಂತು ಮಣ್ಣು ಹೊರುತ್ತೇನೆ. ಇಲ್ಲ ಅನ್ನುವ ರಸ್ತೆ ಎಷ್ಟೇ ಅಗಲವಾಗಿದ್ದರೂ ಅದು ಅಗ್ರಹಾರದ ಬೀದಿ.

ಹಳ್ಳಿಗಳಲ್ಲಿರುವ ಮೇಷ್ಟ್ರುಗಳಿಗೆ, ಸಂಘಟನೆಯ ಹುಡುಗರಿಗೆ ನನ್ನ ಒಂದು ಮನವಿ. ಸರ್ವೆಯವರು ಸರಪಳಿ ಹಿಡಿದು ಬರುವುದಕ್ಕೆ ಮುಂಚೆ ನಾವು ಒಂದು ನೋಟ್‌ಬುಕ್ಕು ಹಿಡಿದು ಕೇರಿಗೆ ಹೋಗೋಣ. ಯಾವ ಸರ್ವೆ ನಂಬರಿನಲ್ಲಿ ಯಾರು ಎಷ್ಟು ವರ್ಷದಿಂದ ದುಡಿದರು, ಯಾರ ಹಸು ಎಲ್ಲಿ ಮೇಯುತ್ತದೆ, ಯಾರ ಹಿರಿಯರನ್ನು ಎಲ್ಲಿ ಹೂಳಿದ್ದಾರೆ, ಅದೆಲ್ಲ ಹೆಸರು ಹಿಡಿದು ಬರೆಯೋಣ. ಗ್ರಾಮಸಭೆಯಲ್ಲಿ ಓದಿ, ನಡಾವಳಿ ಪುಸ್ತಕಕ್ಕೆ ಹತ್ತಿಸಿ, ಹೆಬ್ಬೆಟ್ಟು ಹಾಕಿಸೋಣ. ಕೋರ್ಟಿನಲ್ಲಿ ಅದು ನಿಲ್ಲುತ್ತದೋ ಇಲ್ಲವೋ, ಮುಂದಿನ ಸಲ ಆ ಹೆಂಗಸು ಕೂತಲ್ಲಿಂದ ಆ ಪ್ರಶ್ನೆ ಕೇಳಿದಾಗ ಅವಳ ಕೈಯಲ್ಲಿ ಒಂದು ಕಾಗದವಾದರೂ ಇರುತ್ತದೆ. ಕಟ್ಟೆಯ ಮೇಲಿನವರು ಆಗಲೂ ನಗುತ್ತಾರಾ, ನೋಡೋಣ.