ಇಂದಿನ ಧಮ್ಮ ಚಿಂತನೆ: ರೀಡಿಂಗ್ ತಿದ್ದಿದರೆ ಅದೂ ಸುಳ್ಳೇ?



ಪಂಚಶೀಲದ ನಾಲ್ಕನೆಯ ಶೀಲದ ಮಾತು ಬಂದಾಗಲೆಲ್ಲ ಬಿ.ಎಸ್ಸಿ. ಓದುವ ನಮ್ಮ ಮಕ್ಕಳು ಒಂದು ಪ್ರಶ್ನೆ ಕೇಳುತ್ತಾರೆ: "ಸರ್, ಲ್ಯಾಬ್‌ನಲ್ಲಿ ಉತ್ತರ ಸರಿ ಬರೋ ಹಾಗೆ ರೀಡಿಂಗ್ ಬರ್ಕೊಳ್ತೀವಲ್ಲ, ಅದೂ ಮುಸಾವಾದನಾ? ಯಾರಿಗೂ ನಷ್ಟ ಇಲ್ವಲ್ಲ?" ಫಿಸಿಕ್ಸ್ ಲ್ಯಾಬ್‌ನಲ್ಲೇ ವರ್ಷಗಳನ್ನು ಕಳೆದ ನನಗೆ ಇದು ಚಿಕ್ಕ ಪ್ರಶ್ನೆ ಅನ್ನಿಸುವುದಿಲ್ಲ.

ಸರಳ ಲೋಲಕವನ್ನೇ ನೋಡಿ. ಒಂದು ಮೀಟರ್ ದಾರಕ್ಕೆ ಗುಂಡು ಕಟ್ಟಿ ತೂಗಲು ಬಿಟ್ಟು, 20 ಆಂದೋಲನಕ್ಕೆ ಎಷ್ಟು ಸೆಕೆಂಡ್ ಎಂದು ಸ್ಟಾಪ್‌ವಾಚ್‌ನಲ್ಲಿ ನೋಡಬೇಕು. ಸುಮಾರು 40 ಬರುತ್ತದೆ. ಅದರಿಂದ ಗುರುತ್ವ ವೇಗೋತ್ಕರ್ಷದ ಲೆಕ್ಕ. ಪುಸ್ತಕದಲ್ಲಿ 9.8 ಎಂದಿದೆ. ಹುಡುಗನಿಗೆ 10.8 ಬಂತು ಅನ್ನಿ. ಕೂಡಲೇ 9.8ರಿಂದ ಹಿಂದಕ್ಕೆ ಲೆಕ್ಕ ಹಾಕಿ, ವಾಚ್ ತೋರಿಸದ ಸೆಕೆಂಡುಗಳನ್ನು ಪಟ್ಟಿಗೆ ತುಂಬುತ್ತಾನೆ. ಆದರೆ ಆ 10.8 ಅವನಿಗೆ ಏನೋ ಹೇಳುತ್ತಿತ್ತು. ವಾಚ್ ಒತ್ತುವಾಗ 'ಸೊನ್ನೆ' ಎನ್ನದೆ 'ಒಂದು' ಎಂದು ಎಣಿಸಲು ಶುರುಮಾಡಿದರೆ 19 ತೂಗಾಟವೇ 20 ಆಗಿಬಿಡುತ್ತದೆ. ಉತ್ತರ ಸರಿಯಾಗಿ 10.8ರ ಆಸುಪಾಸಿಗೆ ಹೋಗಿ ನಿಲ್ಲುತ್ತದೆ! ತಿದ್ದಿ ಬರೆದವನಿಗೆ ಇದು ಯಾವತ್ತೂ ಗೊತ್ತಾಗುವುದಿಲ್ಲ. ನಷ್ಟ ಯಾರಿಗೆ ಎಂದು ಕೇಳಿದರೆ, ಮೊದಲು ಅವನಿಗೇ.

ಗ್ರಂಥದಲ್ಲಿದೆ ಎಂದಾಗಲಿ, ಗುರು ಹೇಳಿದ ಎಂದಾಗಲಿ ಒಪ್ಪಬೇಡಿ ಎಂದು ಭಗವಾನರು ಕಾಲಾಮರಿಗೆ ಹೇಳಿದ್ದನ್ನು ನಾವು ವೇದಿಕೆಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ರೆಕಾರ್ಡ್ ಪುಸ್ತಕದ ಮುಂದೆ ಕೂತಾಗ ಮರೆಯುತ್ತೇವೆ. ಕೆಲವರಂತೂ 9.81 ಎಂದೇ ಬರೆಯುತ್ತಾರೆ. ಅದು ಯುರೋಪಿನ ಕಡೆಯ ಬೆಲೆ, ಬೆಂಗಳೂರಿನಲ್ಲಿ ಸುಮಾರು 9.78. (ಕೈಯಿಂದ ಒತ್ತುವ ವಾಚ್‌ಗೆ ಇವೆರಡರ ವ್ಯತ್ಯಾಸ ಸಿಗುವುದೂ ಇಲ್ಲ, ಆ ಮಾತು ಬೇರೆ.)

ರಾಹುಲನಿಗೆ ಭಗವಾನರು ಸತ್ಯದ ಪಾಠ ಹೇಳಿದ್ದು ಪಾತ್ರೆಯಲ್ಲಿ ಉಳಿದ ಸ್ವಲ್ಪ ನೀರನ್ನು ತೋರಿಸಿ, ಅದನ್ನು ಚೆಲ್ಲಿ, ಪಾತ್ರೆಯನ್ನು ಬೋರಲು ಹಾಕಿ. ತಮಾಷೆಗೂ ಸುಳ್ಳಾಡಬೇಡ ಎಂದರು. ಸುಳ್ಳಿನ ಬಗ್ಗೆ ರಾಹುಲನಿಗೆ ಹೇಳಿದ ಈ ಬೋಧೆಯನ್ನು ಸಾಮ್ರಾಟ್ ಅಶೋಕ ಬೈರಾಟ್ ಶಾಸನದಲ್ಲಿ ಹೆಸರಿಸಿ ಬರೆಸಿದ್ದಾನೆ. ತಮಾಷೆಗೇ ಬೇಡವೆಂದ ಮೇಲೆ ಹತ್ತು ಮಾರ್ಕ್ಸಿಗೆ ಸರಿ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಆದರೆ ಒಬ್ಬ ತಂದೆ ಕೇಳಿದ ಮಾತಿಗೆ ನನ್ನಲ್ಲಿ ಸುಲಭದ ಉತ್ತರವಿಲ್ಲ. "ಬೇರೆಯವರ ಮಗ ತಪ್ಪು ಉತ್ತರ ಬರೆದರೆ ಪ್ರಯೋಗ ಕೆಟ್ಟಿತು ಅಂತಾರೆ. ನಮ್ಮ ಮಗ ಬರೆದರೆ 'ಇವರು ಇಷ್ಟೇ' ಅಂತಾರೆ. ಶೀಲದ ಬೆಲೆ ನಮ್ಮ ಮಕ್ಕಳೇ ಯಾಕೆ ಕೊಡಬೇಕು?" ಅಂಥ ಮಾತನ್ನು ನನ್ನ ಕಿವಿಯಲ್ಲೇ ಕೇಳಿದ್ದೇನೆ. ಹಾಗಾಗಿ ಈ ಸುಳ್ಳಿನ ಹೆಚ್ಚಿನ ಪಾಲು ಉತ್ತರಕ್ಕಷ್ಟೇ ಮಾರ್ಕ್ಸ್ ಕೊಡುವ ನಮ್ಮಂಥವರದು ಎಂದೇ ನನ್ನ ಅಭಿಪ್ರಾಯ. 10.8 ಬರೆದು, ಯಾಕೆ ಹಾಗೆ ಬಂತು ಎಂದು ಹೇಳಿದವರಿಗೆ ನಾನು ಪೂರ್ತಿ ಅಂಕ ಕೊಡುತ್ತೇನೆ.

ಇನ್ನೊಂದಿದೆ, ಇದಕ್ಕಿಂತ ನೋವಿನದು. ಐದು ಜನರ ಬ್ಯಾಚ್‌ನಲ್ಲಿ ಒಬ್ಬಿಬ್ಬರು ಉಪಕರಣ ಹಿಡಿಯುತ್ತಾರೆ, ಉಳಿದವರು ನೋಡಿ ಬರೆದುಕೊಳ್ಳುತ್ತಾರೆ. ಹಿಂದೆ ನಿಂತು ಬರೆದುಕೊಳ್ಳುವವರಲ್ಲಿ ನಮ್ಮ ಮಕ್ಕಳೇ ಹೆಚ್ಚಾಗಿ ಕಾಣುತ್ತಾರೆ. 1927ರಲ್ಲಿ ಬಾಬಾಸಾಹೇಬರು ಮಹಾಡ್‌ನ ಕೆರೆಯ ನೀರನ್ನು ಮುಟ್ಟಿ ತೋರಿಸಿದರು. ನಾವು ಲೋಲಕದ ದಾರ ಮುಟ್ಟದೆ ಡಿಗ್ರಿ ಮುಗಿಸುತ್ತಿದ್ದೇವೆ.

ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ಇಂದು ರಾತ್ರಿ ಮನೆಯಲ್ಲೇ ಮಾಡಿಸಿ. ದಾರ, ಒಂದು ದುಂಡನೆಯ ಕಲ್ಲು, ಮೊಬೈಲ್‌ನ ಸ್ಟಾಪ್‌ವಾಚ್ ಸಾಕು. ದಾರವನ್ನು ಕಲ್ಲಿನ ನಡುಮಧ್ಯದವರೆಗೆ ಅಳೆಯಿರಿ, ಸ್ವಲ್ಪವೇ ಪಕ್ಕಕ್ಕೆ ಎಳೆದು ಬಿಡಿ, ಸೊನ್ನೆಯಿಂದ ಎಣಿಸಿ.

ಭವತು ಸಬ್ಬ ಮಂಗಲಂ.